ಎಣ್ಣಿಯ ಕೈ, ಬುತ್ತಿಯ ರೊಟ್ಟಿ

ನಾರಾಯಣಪುರದ ಬಸವಸಾಗರದಿಂದ ಹೊರಟ ಎಡದಂಡೆ ಕಾಲುವೆಯ ನೀರು ಯಾದಗಿರಿ ಜಿಲ್ಲೆಯ ಶಹಾಪುರ, ಸುರಪುರಗಳ ಒಣಭೂಮಿಗೆ ಹರಿದುಬಂದ ಮೇಲೆ, ಹಿಂದೆ ಜೋಳ, ಸಜ್ಜೆ, ತೊಗರಿಗಳನ್ನೇ ನೆಚ್ಚಿಕೊಂಡಿದ್ದ ಈ ಸೀಮೆಯಲ್ಲಿ ಭತ್ತ, ಹತ್ತಿ, ಮೆಣಸಿನಕಾಯಿಗಳು ಹಬ್ಬಿದುವು. ಬೆಳೆಯ ಬೆನ್ನಿಗೆ ಕೀಟಗಳೂ, ಕೀಟಗಳ ಬೆನ್ನಿಗೆ ಕೀಟನಾಶಕಗಳೂ ಬಂದುವು. ಭೀಮರಾಯನಗುಡಿಯ ಸುತ್ತಲಿನ ಹಳ್ಳಿಗರು ಕೀಟನಾಶಕ ಸಿಂಪಡಿಸುವುದನ್ನು ‘ಎಣ್ಣಿ ಹೊಡೆಯುವುದು’ ಎನ್ನುತ್ತಾರೆ. ಬರಿಗೈಯಿಂದ ವಿಷವನ್ನು ನೀರಿನಲ್ಲಿ ಕದಡಿ, ಪಂಪನ್ನು ಬೆನ್ನಿಗೇರಿಸಿಕೊಂಡು ಸಾಲುಸಾಲಾಗಿ ಸಾಗುವ ಕೂಲಿಯಾಳು ಮಧ್ಯಾಹ್ನ ಬದುವಿನ ಮೇಲೆ ಬುತ್ತಿ ಬಿಚ್ಚಿ ರೊಟ್ಟಿ ಮುರಿಯುವುದೂ ಬಹುಶಃ ಅದೇ ಕೈಯಿಂದ. ಅವನಿಗೆ ಎದೆಯುರಿ, ಹುಳಿತೇಗು, ಹೊಟ್ಟೆನೋವು ಕಾಣಿಸಿದರೆ ಖಾರದ ಊಟದ ಮೇಲೆ ತಪ್ಪು ಹೊರಿಸಿ, ಒಂದು ಗುಳಿಗೆ ನುಂಗಿಸಿ ಮರಳಿ ಹೊಲಕ್ಕೆ ಕಳುಹುವ ವಾಡಿಕೆಯು ಎರಡು ಕಾರಣಗಳನ್ನು ಒಮ್ಮೆಗೇ ಮರೆಮಾಡಬಲ್ಲುದು.

ಮೊದಲನೆಯದು ಸೋಂಕು. ಜಠರದ ಹುಣ್ಣಿಗೆ ಚಿಂತೆಯೂ ಖಾರವೂ ಮೂಲವೆಂದು ವೈದ್ಯಲೋಕವೇ ನಂಬಿದ್ದ ಕಾಲದಲ್ಲಿ, 1982ರಲ್ಲಿ, ಆಸ್ಟ್ರೇಲಿಯದ ಪರ್ತ್ ನಗರದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅವರು ಆ ಹುಣ್ಣಿಗೆ ಕಾರಣವಾಗಬಲ್ಲ ಹೆಲಿಕೊಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯವನ್ನು ಬೆಳೆಸಿ ತೋರಿಸಿದರು. 2005ರ ನೊಬೆಲ್ ಪುರಸ್ಕಾರ ಅವರದಾಯಿತು. ಯೂರಿಯೇಸ್ ಎಂಬ ಕಿಣ್ವದಿಂದ ಅಮೋನಿಯವನ್ನುಂಟುಮಾಡಿ ತನ್ನ ಸುತ್ತಲಿನ ಆಮ್ಲವನ್ನು ತಣಿಸಿಕೊಂಡು ಲೋಳೆಪೊರೆಯಲ್ಲಿ ನೆಲೆಸುವ ಈ ಜೀವಿಯನ್ನು 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಲಿಯು ಕ್ಯಾನ್ಸರ್ ಕಾರಕಗಳ ಮೊದಲ ವರ್ಗದಲ್ಲಿರಿಸಿತು.

ಎರಡನೆಯದು ವಿಷ. ಕ್ಲೋರ್‌ಪೈರಿಫಾಸ್, ಪ್ರೊಫೆನೊಫಾಸ್‌ಗಳಂಥ ಆರ್ಗನೊಫಾಸ್ಫೇಟ್ ಕೀಟನಾಶಕಗಳು ಕೋಲಿನೆಸ್ಟರೇಸ್ ಎಂಬ ಕಿಣ್ವವನ್ನು ಕಟ್ಟಿಹಾಕುವುದರಿಂದ, ನರತುದಿಗಳಲ್ಲಿ ಅಸಿಟೈಲ್‌ಕೋಲಿನ್ ಒಡೆಯದೆ ಶೇಖರಗೊಳ್ಳುವುದು. ಜಠರದಲ್ಲಿ ಆಮ್ಲವನ್ನು ಸ್ರವಿಸುವಂತೆ ಪ್ರೇರಿಸುವ ನರಸಂದೇಶವೂ ಈ ರಾಸಾಯನಿಕದ ಮೂಲಕವೇ ಸಾಗುವುದರಿಂದ, ಬ್ಯಾಕ್ಟೀರಿಯವು ತಂಗುವ ಮನೆಯ ಹವೆಯನ್ನೇ ಈ ವಿಷವು ಬದಲಿಸಬಲ್ಲುದೆಂದು ಶಂಕಿಸಲು ಆಸ್ಪದವಿದೆ. ಮಧುರೈ ಕಾಮರಾಜ ವಿಶ್ವವಿದ್ಯಾನಿಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನವು, ಕರುಳಿನ ಸೂಕ್ಷ್ಮಜೀವಿಗಳು ಇಂಥ ಕೀಟನಾಶಕಗಳನ್ನು ಒಡೆಯುವಾಗ ಹುಟ್ಟುವ ವಸ್ತುಗಳಿಂದ ಇಲಿಗಳ ರಕ್ತದ ಸಕ್ಕರೆ ಏರುಪೇರಾಗುವುದನ್ನು ತೋರಿಸಿತು. ಕರುಳಿನ ಮಾತನ್ನು ಜಠರಕ್ಕೆ ಹಾಗೆಯೇ ಅನ್ವಯಿಸಲಾಗದು. ಆದರೆ ವಿಷವೂ ಸೂಕ್ಷ್ಮಜೀವಿಯೂ ಒಂದೇ ದೇಹದಲ್ಲಿ ಪರಸ್ಪರ ತಟಸ್ಥವಾಗಿರುತ್ತವೆಂಬ ನಂಬಿಕೆಗೆ ಅದರಿಂದ ಪೆಟ್ಟು ಬಿದ್ದಿದೆ.

ಹೀಗಿರುವಾಗ ಹೊಲದ ವಿಷವನ್ನು ಕೃಷಿವಿಜ್ಞಾನಿಗೂ ಹೊಟ್ಟೆಯ ಸೋಂಕನ್ನು ವೈದ್ಯನಿಗೂ ಹಂಚಿಕೊಟ್ಟು ಸುಮ್ಮನಿರುವುದು ತರವಲ್ಲ. ಭೀಮರಾಯನಗುಡಿಯಲ್ಲಿ ಕೃಷಿ ಮಹಾವಿದ್ಯಾಲಯವಿದೆ, ಯಾದಗಿರಿಯಲ್ಲಿ ವೈದ್ಯಕೀಯ ಕಾಲೇಜಿದೆ. ಸಿಂಪಡಣೆಯ ಹಂಗಾಮಿಗೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ, ಅದೇ ಕೂಲಿಕಾರರ ರಕ್ತದಲ್ಲಿ ಕೋಲಿನೆಸ್ಟರೇಸನ್ನೂ, ಉಸಿರಿನ ಇಲ್ಲವೆ ಮಲದ ಪರೀಕ್ಷೆಯಿಂದ ಪೈಲೊರಿಯ ಸೋಂಕನ್ನೂ ಇವೆರಡು ಸಂಸ್ಥೆಗಳು ಕೂಡಿ ಅಳೆದರೆ, ಊಹೆಯು ಜ್ಞಾನವಾಗುವ ದಾರಿ ತೆರೆದೀತು. 1968ರ ಕೀಟನಾಶಕ ಅಧಿನಿಯಮದಡಿ 1971ರಲ್ಲಿ ರೂಪುಗೊಂಡ ನಿಯಮಾವಳಿಯು ಇಂಥ ವಿಷಗಳೊಡನೆ ಕೆಲಸಮಾಡುವವರ ಕೋಲಿನೆಸ್ಟರೇಸ್ ತಪಾಸಣೆಯನ್ನು ಆಗಲೇ ವಿಧಿಸಿದೆ. ದಿನಗೂಲಿಗೆ ಎಣ್ಣಿ ಹೊಡೆಯುವವನಿಗೂ ಆ ರಕ್ಷಣೆ ದಕ್ಕಬೇಕು.

ಸಂಶೋಧನೆಗೆ ವರ್ಷಗಳು ಬೇಕಾದಾವು. ಒಂದು ಕಾರ್ಯಕ್ಕೆ ಮಾತ್ರ ನಾಳೆಯೆಂಬುದೂ ಬೇಡ. ಆಳಿಗೆ ಕೈಗವಸುಗಳನ್ನು ಒದಗಿಸಿ, ಎಣ್ಣಿ ಕಲಸದ ಬೇರೊಂದು ಕೊಡದಲ್ಲಿ ಶುದ್ಧಜಲವನ್ನೂ ಒಂದು ಸಾಬೂನನ್ನೂ ಬದುವಿನ ಮೇಲಿರಿಸುವುದು ಹೊಲದೊಡೆಯನ ಧರ್ಮ. ಕೈಗಂಟಿದ ವಿಷಕ್ಕೂ, ಕೊಳಕು ಕೈಯಿಂದ ಬಾಯಿಗೆ ದಾಟುವ ಸೋಂಕಿಗೂ ಆ ನೀರೇ ಮೊದಲ ತಡೆ. ರೊಟ್ಟಿ ಮುರಿಯುವ ಮುನ್ನ ಕೈ ತೊಳೆಯಲು ನೀರು ದೊರೆಯುವುದು, ಊರಿಗೆ ಬೆಳೆ ಕೊಡುವವನಿಗೆ ನಾವು ತೀರಿಸಬೇಕಾದ ಮೊದಲ ಋಣ.