ಕಟ್ಟಿದ ಮೇಲೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ಹಿರಿಯರು ಎಚ್ಚರಿಸಿದ್ದಾರೆ. ಕಟ್ಟಿದ ಮನೆಯನ್ನು ನಲವತ್ತು ಮಳೆಗಾಲ ಸೋರದಂತೆ ಕಾಪಾಡಿ ನೋಡು ಎಂದು ಮಾತ್ರ ಅವರು ಹೇಳಲಿಲ್ಲ. ಕಟ್ಟುವ ಕಾರ್ಯದಲ್ಲಿ ಶಂಕುಸ್ಥಾಪನೆಯಿದೆ, ಪ್ರಾರಂಭೋತ್ಸವವಿದೆ, ಹಾರ ತುರಾಯಿಗಳಿವೆ, ಕಲ್ಲಿನ ಫಲಕದ ಮೇಲೆ ಗಣ್ಯರ ಹೆಸರುಗಳಿವೆ. ಸೂರಿನ ದೋಣಿಯಲ್ಲಿ ತುಂಬಿಕೊಂಡ ತರಗೆಲೆಯನ್ನು ತೆಗೆದವನ ಹೆಸರನ್ನು ಕೆತ್ತಿದ ಫಲಕವನ್ನು ಕಂಡವರಾರು? ಈ ಪಕ್ಷಪಾತ ಯಾವುದೋ ಒಂದು ದೇಶಕ್ಕೆ ಸೇರಿದ್ದಲ್ಲ. ಹಣಕ್ಕೆ ಬಡತನವೇ ಇಲ್ಲವೆಂದು ಹೊರಗಿನವರು ಭಾವಿಸುವ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿಯೂ ಅದು ಬೇರೂರಿದೆ. ಕಾನೂನಿನ ಬೆಂಬಲವನ್ನೂ ಪಡೆದಿದೆ. ಅಲ್ಲಿನ ಕಮ್ಯೂನಿಟಿ ಕಾಲೇಜುಗಳ ಕಥೆಯನ್ನು ಕೇಳಿದರೆ ಇದು ವಿಶದವಾಗುತ್ತದೆ.

ಕಮ್ಯೂನಿಟಿ ಕಾಲೇಜೆಂದರೆ ಆಯಾ ಪ್ರಾಂತದ ಜನರ ತೆರಿಗೆಯ ಆಸರೆಯಿಂದ ನಡೆಯುವ, ಮುಖ್ಯವಾಗಿ ಎರಡು ವರ್ಷಗಳ ವ್ಯಾಸಂಗಕ್ಕೆ ಮೀಸಲಾದ ವಿದ್ಯಾಸಂಸ್ಥೆ. ಕ್ಯಾಲಿಫೋರ್ನಿಯಾ ಒಂದರಲ್ಲೇ ಇಂಥವು 116 ಇವೆ. ದೊಡ್ಡ ವಿಶ್ವವಿದ್ಯಾನಿಲಯದ ಬಾಗಿಲು ತೆರೆಯದವರಿಗೂ, ಅದರ ಶುಲ್ಕವನ್ನು ತೆರಲಾರದವರಿಗೂ ಇಲ್ಲಿ ಪ್ರವೇಶವುಂಟು. ಹಗಲೆಲ್ಲ ಅಂಗಡಿಯಲ್ಲಿ ನಿಂತು ದುಡಿದವನು, ಮಕ್ಕಳನ್ನು ನೆರೆಮನೆಯಲ್ಲಿ ಬಿಟ್ಟು ಬಂದ ತಾಯಿ, ಪರದೇಶದಿಂದ ಬಂದು ಇಂಗ್ಲಿಷನ್ನು ಹೊಸದಾಗಿ ಕಲಿಯುತ್ತಿರುವವನು – ಇವರೇ ಇಲ್ಲಿನ ವಿದ್ಯಾರ್ಥಿಗಳು. ಬಹುಪಾಲು ಕಾಲೇಜುಗಳಲ್ಲಿ ವಿದ್ಯಾರ್ಥಿನಿಲಯವಿಲ್ಲ. ಪಾಠದ ಕೊಠಡಿ, ಪ್ರಯೋಗಶಾಲೆ, ಪುಸ್ತಕಾಲಯ, ಇಷ್ಟೇ ಅವರಿಗೆ ದೊರೆಯುವ ಕಾಲೇಜು. ಆ ಕೊಠಡಿಯ ಸೂರು ಸೋರಿದರೆ ಅವರಿಗೆ ಬೇರೆಡೆ ಹೋಗಿ ಕುಳಿತು ಓದಲು ಸ್ಥಳವಿರುವುದಿಲ್ಲ.

ಇಂಥ ಕಟ್ಟಡಗಳನ್ನು ಹೇಗೆ ಕಟ್ಟಬೇಕೆಂಬುದನ್ನು ಆ ರಾಜ್ಯಕ್ಕೆ ಕಲಿಸಿದ ಗುರು ಭೂಕಂಪ. 1933ರ ಮಾರ್ಚ್ 10ರಂದು, ಸಂಜೆ ಆರಕ್ಕೆ ಇನ್ನೂ ಕೆಲವು ನಿಮಿಷಗಳಿರುವಾಗ, ಲಾಂಗ್ ಬೀಚ್ ಪಟ್ಟಣದ ಸುತ್ತ ನೆಲ ನಡುಗಿತು. ನೂರಕ್ಕೂ ಹೆಚ್ಚು ಜನ ಸತ್ತರು. ಉರುಳಿದವುಗಳಲ್ಲಿ ಶಾಲೆಗಳೇ ಬಹಳ. ಕಬ್ಬಿಣದ ಬಂಧವಿಲ್ಲದ ಇಟ್ಟಿಗೆ ಗೋಡೆಗಳು, ಸತ್ತ್ವವಿಲ್ಲದ ಗಾರೆ. ಮಕ್ಕಳು ಮನೆಗೆ ಮರಳಿದ್ದರು. ಅದೇ ಕಂಪ ಕೆಲವೇ ಗಂಟೆಗಳ ಮುಂಚೆ ಆಗಿದ್ದರೆ? ಈ ಪ್ರಶ್ನೆ ಶಾಸನಸಭೆಯ ನಿದ್ರೆಯನ್ನು ಕೆಡಿಸಿತು. ಒಂದೇ ತಿಂಗಳಲ್ಲಿ ಫೀಲ್ಡ್ ಕಾಯಿದೆ ಜಾರಿಗೆ ಬಂದಿತು. ಸರ್ಕಾರಿ ಶಾಲೆಯ ನಕ್ಷೆಯನ್ನು ರಾಜ್ಯದ ವಾಸ್ತುಶಿಲ್ಪ ಇಲಾಖೆ ಪರೀಕ್ಷಿಸಿ ಒಪ್ಪಬೇಕು. ಕೆಲಸ ನಡೆಯುವಷ್ಟು ಕಾಲವೂ ಗುತ್ತಿಗೆದಾರನ ಹಂಗಿಲ್ಲದ ತನಿಖೆಗಾರನೊಬ್ಬ ಸ್ಥಳದಲ್ಲಿರಬೇಕು. ನಕ್ಷೆಯಂತೆಯೇ ಕಟ್ಟಲಾಗಿದೆಯೆಂದು ಸಂಬಂಧಪಟ್ಟವರೆಲ್ಲ ಬರೆದು ಕೊಡಬೇಕು. ಕಮ್ಯೂನಿಟಿ ಕಾಲೇಜುಗಳೂ ಈ ಕಾಯಿದೆಯ ಕೆಳಗೆ ಬಂದವು. ಲೋಕಪ್ರಸಿದ್ಧವಾದ ಅಲ್ಲಿನ ರಾಜ್ಯ ವಿಶ್ವವಿದ್ಯಾನಿಲಯಗಳು ಬರಲಿಲ್ಲ! ಕಡಿಮೆ ಶುಲ್ಕದ ಕಾಲೇಜಿನ ಗೋಡೆಗೆ ಹೆಸರಾಂತ ವಿದ್ಯಾಪೀಠದ ಗೋಡೆಗಿಂತ ಕಟ್ಟುನಿಟ್ಟಾದ ಕಾವಲು ದೊರೆತದ್ದು ಚೋದ್ಯವೇ ಸರಿ.

ಅದೇ ರಾಜ್ಯದ ಉತ್ತರಕ್ಕೆ, ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ದಕ್ಷಿಣದಲ್ಲಿ, ಅಂದು ಹಣ್ಣಿನ ತೋಟಗಳಿಂದ ತುಂಬಿದ್ದ ಕಣಿವೆಯೊಂದಿದೆ. 1958ರಲ್ಲಿ ಅಲ್ಲಿನ ಮತದಾರರು ಹೊಸ ಕಾಲೇಜಿಗೆಂದು ಒಂದು ಕೋಟಿ ನಾಲ್ಕು ಲಕ್ಷ ಡಾಲರುಗಳ ಸಾಲಪತ್ರಕ್ಕೆ ಒಪ್ಪಿಗೆಯಿತ್ತರು. ಆ ವರ್ಷವೇ ಹಳೆಯ ಶಾಲೆಯೊಂದರಲ್ಲಿ ಪಾಠ ಆರಂಭವಾಯಿತು. 1961ರಲ್ಲಿ ಲಾಸ್ ಆಲ್ಟೋಸ್ ಬೆಟ್ಟಗಳ ಮೇಲೆ ಫುಟ್‌ಹಿಲ್ ಕಾಲೇಜಿನ ಸ್ವಂತ ಕಟ್ಟಡಗಳು ಎದ್ದವು. ವಾಸ್ತುಶಿಲ್ಪಿ ಅರ್ನೆಸ್ಟ್ ಕಂಪ್ ವಿವೇಕಿ. ಮಹಡಿಯ ಮೇಲೆ ಮಹಡಿ ಏರಿಸುವ ಗೊಡವೆಗೆ ಹೋಗದೆ, ಒಂದೇ ಅಳತೆಯ ಮಂಟಪವನ್ನು ಮತ್ತೆ ಮತ್ತೆ ಬಳಸಿ, ಇಳಿಜಾರಾದ ದೊಡ್ಡ ಸೂರುಗಳನ್ನು ಹೊದಿಸಿ, ಮರದ ಗೋಡೆ ಮತ್ತು ಅಂಗಳಗಳ ನಡುವೆ ಒಂದು ಹಳ್ಳಿಯನ್ನೇ ನಿರ್ಮಿಸಿದ. ಒಳಗೋಡೆಗಳನ್ನು ಅಗತ್ಯಬಿದ್ದಾಗ ಬದಲಿಸಿಕೊಳ್ಳುವಂತೆ ಯೋಜಿಸಿದ. ಮೋಟಾರುಗಳೆಲ್ಲ ಬೆಟ್ಟದ ಬುಡದಲ್ಲಿ ನಿಂತವು. ಮೇಲೆ ನಡೆದಾಡುವವರದೇ ರಾಜ್ಯ. ಮರುವರ್ಷ ಅಮೆರಿಕದ ವಾಸ್ತುಶಿಲ್ಪಿಗಳ ಸಂಸ್ಥೆ ಇದಕ್ಕೆ ಗೌರವ ಪ್ರಶಸ್ತಿಯಿತ್ತಿತು. 1967ರಲ್ಲಿ ಅದೇ ಆಡಳಿತದ ಎರಡನೆಯ ಕಾಲೇಜು, ಡಿ ಆಂಜಾ, ಕೂಪರ್ಟಿನೋದ ಹಳೆಯ ದ್ರಾಕ್ಷಿತೋಟವೊಂದರಲ್ಲಿ ತೆರೆಯಿತು. ಇಂದು ಕನ್ನಡಿಗರ ಸಂಸಾರಗಳೂ ಸಾಕಷ್ಟು ನೆಲೆಸಿರುವ ಊರಿದು.

ಇಲ್ಲಿಯವರೆಗೆ ಕಥೆ ಸುಖವಾಗಿ ಸಾಗಿತು. ಕೊಠಡಿಗಳ ಬಳಕೆಗೂ ಲೆಕ್ಕವಿತ್ತು. ಬೆಳಗಿನ ಎಂಟರಿಂದ ರಾತ್ರಿ ಹತ್ತರವರೆಗೆ, ವಾರಕ್ಕೆ ಐದು ದಿನ, ಒಟ್ಟು 70 ಗಂಟೆ. ಅದರಲ್ಲಿ ಕೊಠಡಿ ಎಷ್ಟು ಹೊತ್ತು ತುಂಬಿತ್ತು, ಎಷ್ಟು ಕುರ್ಚಿ ಖಾಲಿಯಿತ್ತು ಎಂಬುದನ್ನು ನೋಡಿಯೇ ರಾಜ್ಯ ಹೊಸ ಕಟ್ಟಡಕ್ಕೆ ನೆರವು ಕೊಡುವುದು. ಒಳ್ಳೆಯ ಪದ್ಧತಿ. ಆದರೆ ರಾತ್ರಿ ಹತ್ತರವರೆಗೆ ತುಂಬಿರುವ ಕೊಠಡಿ ಬೇಗ ಸವೆಯುತ್ತದೆ. ಅದನ್ನು ಗುಡಿಸಿ ತೊಳೆಯುವವನು ಹತ್ತರ ಮೇಲೆಯೇ ಬರಬೇಕು. ಅವನ ಸಂಬಳ ಯಾವ ಚೀಲದಿಂದ ಬರಬೇಕು?

ಇಲ್ಲಿಯೇ ಗಂಟು ಬಿದ್ದಿತು. 1978ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಹದಿಮೂರನೆಯ ಪ್ರಸ್ತಾವವೆಂದು ಖ್ಯಾತವಾದ ತಿದ್ದುಪಡಿಯನ್ನು ಗೆಲ್ಲಿಸಿದರು. ಆಸ್ತಿ ತೆರಿಗೆ ನೂರಕ್ಕೆ ಒಂದನ್ನು ಮೀರಕೂಡದು; ಆಸ್ತಿಯ ಲೆಕ್ಕದ ಬೆಲೆ ವರ್ಷಕ್ಕೆ ನೂರಕ್ಕೆ ಎರಡಕ್ಕಿಂತ ಹೆಚ್ಚು ಏರಕೂಡದು. ಮನೆಯೊಡೆಯರು ನಿಟ್ಟುಸಿರು ಬಿಟ್ಟರು. ಕಾಲೇಜುಗಳು ಬೊಕ್ಕಸ ನೋಡಿಕೊಂಡು ಬೆವರಿದವು. ಖರ್ಚನ್ನು ಕತ್ತರಿಸಬೇಕಾದಾಗ ಅಧ್ಯಾಪಕನನ್ನು ತೆಗೆದರೆ ಕೂಗೇಳುತ್ತದೆ. ಪಾಠ ನಿಲ್ಲಿಸಿದರೆ ವಿದ್ಯಾರ್ಥಿ ಹೋಗುತ್ತಾನೆ. ಸೂರಿಗೆ ಈ ವರ್ಷ ಕೈ ಹಚ್ಚದಿದ್ದರೆ ಯಾರೂ ಕೂಗುವುದಿಲ್ಲ. ಮುಂದಿನ ವರ್ಷವೂ ಕೂಗುವುದಿಲ್ಲ. ನೀರು ಮಾತ್ರ ತನ್ನ ಕೆಲಸವನ್ನು ಮುಂದೂಡುವುದಿಲ್ಲ. ಸೂರಿನ ಬಿರುಕಿನಲ್ಲಿ ಇಳಿದ ತೇವ ಮರದ ತೊಲೆಯನ್ನು ಕೊಳೆಸುತ್ತದೆ, ವಿದ್ಯುತ್ತಿನ ತಂತಿಗೆ ತಗಲುತ್ತದೆ, ಗೋಡೆಯಲ್ಲಿ ಬೂಷ್ಟು ಹಿಡಿಸುತ್ತದೆ. ಹಿಡಿ ಡಾಂಬರಿನಲ್ಲಿ ಮುಗಿಯುತ್ತಿದ್ದ ಕೆಲಸ ಸೂರನ್ನೇ ಕಿತ್ತು ಹೊಸದಾಗಿ ಹೊದಿಸುವವರೆಗೆ ಬೆಳೆಯುತ್ತದೆ. ಮಲೆನಾಡಿನ ಗೃಹಸ್ಥ ಮಳೆಗಾಲಕ್ಕೆ ಮುಂಚೆ ಏಣಿ ಹಾಕಿ ಹಂಚು ಕೈಯಾಡಿಸುವುದು ಸುಮ್ಮನೆ ಅಲ್ಲ.

ಹಾಗಾದರೆ ಹಣವೇ ಇಲ್ಲವೆ? ಇದೆ, ಆದರೆ ಅದು ಕಟ್ಟುವ ಹಣ. ಈ ಎರಡು ಕಾಲೇಜುಗಳಿಗಾಗಿ ಮತದಾರರು 1999ರಲ್ಲಿ 24 ಕೋಟಿ 80 ಲಕ್ಷ, 2006ರಲ್ಲಿ 49 ಕೋಟಿ 8 ಲಕ್ಷ ಡಾಲರುಗಳ ಸಾಲಪತ್ರಗಳನ್ನು ಒಪ್ಪಿದರು. ಧಾರಾಳಿಗಳೆಂದೇ ಹೇಳಬೇಕು. 2000ದಲ್ಲಿ ಬಂದ ಮೂವತ್ತೊಂಬತ್ತನೆಯ ಪ್ರಸ್ತಾವ ಇಂಥ ಸಾಲಕ್ಕೆ ನೂರಕ್ಕೆ 55 ಮತಗಳಿದ್ದರೆ ಸಾಕೆಂದು ದಾರಿ ಸುಗಮಗೊಳಿಸಿತು. ಜೊತೆಗೆ ನಾಗರಿಕರ ಮೇಲ್ವಿಚಾರಣಾ ಸಮಿತಿ, ವರ್ಷವರ್ಷದ ಲೆಕ್ಕತಪಾಸಣೆ, ಹೀಗೆ ಕಟ್ಟುಪಾಡುಗಳನ್ನೂ ವಿಧಿಸಿತು. ಅವುಗಳಲ್ಲಿ ಒಂದು: ಈ ಹಣದಿಂದ ಸಂಬಳವನ್ನಾಗಲಿ ನಿತ್ಯದ ಖರ್ಚನ್ನಾಗಲಿ ಭರಿಸಕೂಡದು. ಸಾಲ ತಂದು ಸಂಬಳ ಹಂಚುವ ದುರಾಚಾರವನ್ನು ತಡೆಯುವುದೇ ಇದರ ಉದ್ದೇಶ, ಅದನ್ನು ತಪ್ಪೆನ್ನಲಾಗದು. ಪರಿಣಾಮವಾದರೋ ಬೇರೆ. ಸೂರನ್ನು ಹೊಸದಾಗಿ ಹೊದಿಸಲು ಸಾಲ ದೊರೆಯುತ್ತದೆ, ಅದರ ಮೇಲಿನ ಎಲೆಯನ್ನು ಗುಡಿಸುವವನ ಕೂಲಿಗೆ ದೊರೆಯುವುದಿಲ್ಲ. ಕೆಟ್ಟುಹೋಗುವವರೆಗೆ ಕಾಯುವವನಿಗೆ ಲಾಭ, ಕೆಡದಂತೆ ನೋಡಿಕೊಳ್ಳುವವನಿಗೆ ಕಷ್ಟ! ಹೊಸ ಕಟ್ಟಡವೊಂದು ಎದ್ದಾಗಲೆಲ್ಲ ಗುಡಿಸಬೇಕಾದ ನೆಲವೂ ಬೆಳೆಯುತ್ತದೆ. ಗುಡಿಸುವ ಕೈಗಳು ಅದೇ ಪ್ರಮಾಣದಲ್ಲಿ ಬೆಳೆಯುವುದಿಲ್ಲ.

ಡಿ ಆಂಜಾದ ಫ್ಲಿಂಟ್ ಸೆಂಟರ್ ರಂಗಮಂದಿರದ ಗತಿಯನ್ನು ನೋಡಬಹುದು. ಕಾಲೇಜು ಆಡಳಿತದ ಮೊದಲ ಮುಖ್ಯಸ್ಥ ಕ್ಯಾಲ್ವಿನ್ ಫ್ಲಿಂಟರ ಹೆಸರಿನಲ್ಲಿ 1971ರಲ್ಲಿ ತೆರೆದ ಈ ಮಂದಿರದಲ್ಲಿ ಎರಡು ಸಾವಿರಕ್ಕೂ ಮಿಕ್ಕಿದ ಆಸನಗಳಿದ್ದವು. 1984ರ ಜನವರಿಯಲ್ಲಿ ಸ್ಟೀವ್ ಜಾಬ್ಸ್ ತನ್ನ ಮ್ಯಾಕಿಂಟಾಷ್ ಕಂಪ್ಯೂಟರನ್ನು ಚೀಲದಿಂದ ಹೊರತೆಗೆದು ಲೋಕಕ್ಕೆ ತೋರಿಸಿದ್ದು ಇದೇ ವೇದಿಕೆಯ ಮೇಲೆ. ಆ ಕಂಪೆನಿ ಬೆಳೆದು ಜಗತ್ತಿನ ಮಹಾಶ್ರೀಮಂತ ಸಂಸ್ಥೆಗಳಲ್ಲಿ ಒಂದಾಯಿತು. ಮಂದಿರ ಮಾತ್ರ ಮುಪ್ಪಾಯಿತು. ದುರಸ್ತಿಯ ಅಂದಾಜನ್ನೂ ಅದರಿಂದ ವಿದ್ಯಾರ್ಥಿಗಳಿಗೆ ಆಗುವ ಪ್ರಯೋಜನವನ್ನೂ ತೂಗಿನೋಡಿದ ಆಡಳಿತ ಮಂಡಳಿ 2019ರಲ್ಲಿ ಅದರ ಬಾಗಿಲು ಮುಚ್ಚಿತು. ಬಳಿಕ ಕೆಡವುವುದೇ ಲೇಸೆಂದು ನಿಶ್ಚಯಿಸಿತು. ಸುತ್ತಿನ ಊರಿನವರಿಗೆ ಸಂಗೀತ, ನೃತ್ಯಗಳ ದೊಡ್ಡ ನೆಲೆಯೊಂದು ತಪ್ಪಿತು.

2020ರ ಮಾರ್ಚಿನಲ್ಲಿ ಅದೇ ಮತದಾರರ ಮುಂದೆ ಮತ್ತೊಂದು ಸಾಲಪತ್ರ ಬಂದಿತು: 89 ಕೋಟಿ 80 ಲಕ್ಷ ಡಾಲರು. ಹಳೆಯ ಕೊಠಡಿ, ಪ್ರಯೋಗಶಾಲೆಗಳ ದುರಸ್ತಿಯೂ ಅದರ ಉದ್ದೇಶಗಳಲ್ಲಿ ಸೇರಿತ್ತು. ಮತದಾರರು ಈ ಸಲವೂ ಇಲ್ಲವೆನ್ನಲಿಲ್ಲ. ಸಾಲದ ಕಂತುಗಳನ್ನು ಅವರು ಹಲವು ದಶಕ ತೆರುತ್ತಾರೆ. ಚಪ್ಪಟೆ ಸೂರಿನ ಹೊದಿಕೆಯ ಆಯುಷ್ಯ ಸಾಮಾನ್ಯವಾಗಿ ಇಪ್ಪತ್ತು ವರ್ಷ. ಅದೂ ದೋಣಿಯ ಎಲೆಯನ್ನು ವರ್ಷ ವರ್ಷ ಯಾರಾದರೂ ತೆಗೆಯುತ್ತಿದ್ದರೆ.