ದಾದಿಯ ಮಾತು, ಟ್ರಂಕಿನ ಕ್ಯಾಸೆಟ್ಟು

ಬೀದರ್ ಕೋಟೆಯಲ್ಲಿ ರೀಲ್ಸ್ ಮಾಡದವರು ನಮ್ಮ ಕಾಲೇಜಿನಲ್ಲಿ ಎಷ್ಟು ಜನ ಇದ್ದಾರು? ಮಹಮೂದ್ ಗವಾನ್ ಮದರಸಾ 1472ರದ್ದೆಂದು ಕೇಳಿದ ಕೂಡಲೇ ಹೇಳುತ್ತೇವೆ. ಆದರೆ ನಮ್ಮ ಓಣಿಯವರು ಐವತ್ತು ವರ್ಷದ ಹಿಂದೆ ನೀರು ಎಲ್ಲಿಂದ ತರುತ್ತಿದ್ದರು ಎಂದರೆ ಸುಮ್ಮನಾಗುತ್ತೇವೆ.

ಬೆಂಗಳೂರಿನ ಕಲಾವಿದೆ ಆಯಿಷಾ ಅಬ್ರಹಾಂ 2005ರಲ್ಲಿ ‘ಸ್ಟ್ರೇಟ್ 8’ ಎಂಬ ಪ್ರಾಯೋಗಿಕ ಕಿರುಚಿತ್ರ ಮಾಡಿದರು. ಅದು ಟಾಕೀಸಿಗೆ ಬಂದು ಓಡಿದ ಚಿತ್ರವಲ್ಲ, ಕಂಡವರೂ ಕಡಿಮೆ. ಟಾಮ್ ಡಿ’ಅಗಿಯಾರ್ ಎಂಬ ಆಂಗ್ಲೋ-ಇಂಡಿಯನ್ ಹವ್ಯಾಸಿಯೊಬ್ಬರು ದಶಕಗಳ ಹಿಂದೆ ಸಣ್ಣ ಕ್ಯಾಮೆರಾದಲ್ಲಿ ತಮ್ಮವರನ್ನು ಚಿತ್ರಿಸಿ ಇಟ್ಟಿದ್ದ ರೀಲುಗಳೇ ಅದರ ಬಂಡವಾಳ. ಬೆಂಗಳೂರಿನ ಅರಮನೆ, ವಿಧಾನಸೌಧ ತೋರಿಸುವ ಚಿತ್ರಗಳು ಬೇಕಾದಷ್ಟಿವೆ. ಅಲ್ಲಿನ ಜನ ಮನೆಯೊಳಗೆ ಹೇಗೆ ನಕ್ಕರು, ಹೇಗೆ ಕೂಡಿ ಬಾಳಿದರು ಎಂಬುದಕ್ಕೆ ಇಂಥ ರೀಲುಗಳೇ ಸಾಕ್ಷಿ.

ಯಾರದೋ ಮನೆಯ ವಿಡಿಯೊ ನೋಡಿ ನಮಗೇನು ಎಂದು ಕೆಲವರು ಕೇಳಬಹುದು. ಸುಲ್ತಾನರ ಚರಿತ್ರೆ ಕಲ್ಲಿನ ಮೇಲಿದೆ, ಅದು ಉಳಿಯುತ್ತದೆ. ನಮ್ಮವರ ಚರಿತ್ರೆ ಇರುವುದು ನೆನಪಿನಲ್ಲಿ ಮತ್ತು ಟ್ರಂಕಿನಲ್ಲಿ. ಚಾಚಾನ ಶಾದಿಯ ಕ್ಯಾಸೆಟ್ಟಿಗೆ ಈಗಾಗಲೇ ಬೂಷ್ಟು ಹಿಡಿದಿದೆ. ಅದರಲ್ಲಿ ಮದುಮಗನ ಹಿಂದೆ ಕಾಣುವುದು ಆಗಿನ ಚೌಬಾರಾ ರಸ್ತೆ.

ನೆನಪುಗಳಿಗೆ ಇನ್ನೂ ಕಡಿಮೆ ಸಮಯವಿದೆ. 1948ರಲ್ಲಿ ಹತ್ತು ವರ್ಷದವರಾಗಿದ್ದವರು ಈಗ ತೊಂಬತ್ತರ ಸಮೀಪ ಇದ್ದಾರೆ. ರಜಾಕಾರರ ದಿನಗಳನ್ನೂ ಪೊಲೀಸ್ ಕಾರ್ಯಾಚರಣೆಯ ದಿನಗಳನ್ನೂ ಕಂಡ ಕಣ್ಣುಗಳು ಅವು. ಹಿಂದೂ ಮನೆಗಳಲ್ಲೂ ಮುಸ್ಲಿಂ ಮನೆಗಳಲ್ಲೂ ಆ ನೋವು ಇದೆ. ಪರೀಕ್ಷೆಗೆ ಅದು ಎರಡು ಅಂಕದ ಪ್ರಶ್ನೆ. ಅವರಿಗೆ ಅದೇ ಬಾಲ್ಯ.

ಆದ್ದರಿಂದ ನನ್ನದೊಂದು ಸಲಹೆ. ಈ ರಜೆಯಲ್ಲಿ ಬೀದರ್, ಭಾಲ್ಕಿ, ಔರಾದ್ ಕಡೆಯ ನಾವೆಲ್ಲ ನಮ್ಮ ಮನೆಯ ಒಬ್ಬ ಹಿರಿಯರನ್ನು ಹತ್ತು ನಿಮಿಷ ಮಾತನಾಡಿಸೋಣ. ಕನ್ನಡ, ದಖನಿ, ಮರಾಠಿ, ಅವರದು ಯಾವ ಮಾತೋ ಅದರಲ್ಲೇ ಆಗಲಿ. ಮೊದಲು ಅನುಮತಿ ಕೇಳೋಣ. ಕ್ಯಾಮೆರಾ ಬೇಡ ಎನ್ನುವ ದಾದಿ, ನಾನಿಯರ ಧ್ವನಿ ಮಾತ್ರ ರೆಕಾರ್ಡ್ ಮಾಡಿದರೂ ಸಾಕು. ಹೆಸರು, ಊರು, ತಾರೀಖು ತಪ್ಪದೆ ಬರೆಯೋಣ. ಒಪ್ಪಿದವರದ್ದನ್ನು ನಮ್ಮ ಗ್ರಂಥಾಲಯದ ಕಂಪ್ಯೂಟರಿನಲ್ಲಿ ಇಡಲು ಪ್ರಾಂಶುಪಾಲರು ಅವಕಾಶ ಕೊಡಬೇಕೆಂದು ವಿನಂತಿ.

ಕೋಟೆ ಮುಂದಿನ ವರ್ಷವೂ ಅಲ್ಲೇ ಇರುತ್ತದೆ. ದಾದಿಯ ವಿಷಯದಲ್ಲಿ ಹಾಗೆ ಹೇಳಲಾಗದು.