ಮನೆ ಲೆಕ್ಕ: ಮಿಷನ್ ನುಂಗಿದ ಎರಡು ಸಾವಿರ



ಕಳೆದ ಮಳೆಗಾಲದ ಮಾತು. ಕೊಲ್ಲೂರಿನ ಆಚೆ ಕಾಡಂಚಿನ ಮನೆಯಾಕೆಯೊಬ್ಬಳು ಅಳುತ್ತಾ ಬಂದು ನಮ್ಮ ಜಗಲಿಯಲ್ಲಿ ಕುಳಿತಳು. "ಅಕ್ಕಾ, ಮಿಷನ್ ನನ್ ದುಡ್ಡ್ ನುಂಗಿತ್. ಎಂತ ಮಾಡೂದ್?" ಗೃಹಲಕ್ಷ್ಮಿಯ ಎರಡು ಸಾವಿರ ತೆಗೆಯಲೆಂದು ಬಸ್ಸು ಹಿಡಿದು ಪೇಟೆಗೆ ಬಂದಿದ್ದಳು. ಎಟಿಎಮ್‌ನಿಂದ ನೋಟು ಬರಲಿಲ್ಲ, ಖಾತೆಯಲ್ಲಿ ಮಾತ್ರ ಹಣ ಕಳೆದಿತ್ತು. "ಮನೆಯವ್ರಿಗೆ ಹೇಳೂಕೆ ಹೆದ್ರಿಕೆ ಆತ್" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಕಾಫಿ ಕೊಟ್ಟು ಸಮಾಧಾನ ಮಾಡಿದೆ. ಹೆದರುವ ಕಾರಣವೇ ಇರಲಿಲ್ಲ ನೋಡಿ. 2019ರಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ನಿಯಮದಂತೆ, ಹೀಗೆ ಕಳೆದ ಹಣವನ್ನು ಐದು ದಿನದೊಳಗೆ ಬ್ಯಾಂಕು ತಾನಾಗಿಯೇ ಖಾತೆಗೆ ಮರಳಿಸಬೇಕು. ತಡವಾದರೆ ದಿನಕ್ಕೆ ನೂರು ರೂಪಾಯಿಯಂತೆ ಪರಿಹಾರವನ್ನೂ ಕೊಡಬೇಕು. ಕಾರ್ಡು ಕೊಟ್ಟ ಬ್ಯಾಂಕಿಗೆ ಹೋಗಿ ಅರ್ಜಿ ಬರೆದುಕೊಟ್ಟೆವು. ಹಣ ಬಂದದ್ದು ಹನ್ನೊಂದು ದಿನ ಕಳೆದ ಮೇಲೆ. ಆರು ದಿನದ ತಡಕ್ಕೆ 600 ರೂಪಾಯಿ, ನಾವು ಮತ್ತೊಮ್ಮೆ ಹೋಗಿ ಕೇಳಿದ ಮೇಲೆ ಬಂತು. ಕೇಳದಿದ್ದರೆ? ಆ ಮಾತು ನಿಮಗೇ ಬಿಟ್ಟೆ.

ನಮ್ಮ ಜಿಲ್ಲೆಯ ಹೆಂಗಸರಿಗೆ ಬ್ಯಾಂಕು ಹೊಸದೇನಲ್ಲ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಂಸ್ಥೆಯೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಅದು ಪಿಗ್ಮಿ ಠೇವಣಿ ಶುರುಮಾಡಿತು. ದಿನಕ್ಕೆ ಎರಡಾಣೆ ಸಾಕು, ಏಜೆಂಟರು ಬಾಗಿಲಿಗೇ ಬಂದು ಒಯ್ಯುತ್ತಿದ್ದರು. 2020ರಲ್ಲಿ ಆ ಬ್ಯಾಂಕು ಕೆನರಾ ಬ್ಯಾಂಕಿನೊಡನೆ ವಿಲೀನವಾಯಿತು. ಅಂದು ಬ್ಯಾಂಕು ನಮ್ಮ ಬಾಗಿಲಿಗೆ ಬರುತ್ತಿತ್ತು, ಇಂದು ನಾವು ಮಿಷನ್ ಹುಡುಕಿಕೊಂಡು ಹೋಗುತ್ತೇವೆ!

ಶಾಖೆ ಇಲ್ಲದ ಹಳ್ಳಿಗೆ ಸಂಚಾರಿ ಬ್ಯಾಂಕಿನ ವ್ಯವಸ್ಥೆಯೂ ಉಂಟು. ಹಣದ ಪೆಟ್ಟಿಗೆ, ಸಿಬ್ಬಂದಿ ಎಲ್ಲ ಇರುವ ಭದ್ರವಾದ ವ್ಯಾನು ಅದು. ಮನಸ್ಸು ಬಂದಾಗ ಬಂದು ಹೋದರೆ ಆಗದು. ಗೊತ್ತುಮಾಡಿದ ದಿನ, ಗೊತ್ತುಮಾಡಿದ ಹೊತ್ತಿಗೆ ಬಂದು, ಜನರ ಕೆಲಸ ಆಗುವಷ್ಟು ಕಾಲ ನಿಲ್ಲಬೇಕೆಂಬುದೇ ಅದರ ಕ್ರಮ. ಇನ್ನು 2017ರ ನಿಯಮದಂತೆ, ಬ್ಯಾಂಕು ವರ್ಷದಲ್ಲಿ ಹೊಸದಾಗಿ ತೆರೆಯುವ ಕೇಂದ್ರಗಳಲ್ಲಿ ಕನಿಷ್ಠ ಕಾಲು ಪಾಲು ಬ್ಯಾಂಕಿಲ್ಲದ ಹಳ್ಳಿಗಳಲ್ಲಿರಬೇಕು. 'ಬ್ಯಾಂಕ್ ಮಿತ್ರ'ರು ನಡೆಸುವ ಕೇಂದ್ರವನ್ನೂ ಲೆಕ್ಕಕ್ಕೆ ಹಿಡಿಯಬಹುದು. ಆದರೆ ಅದು ವಾರಕ್ಕೆ ಐದು ದಿನವಾದರೂ, ದಿನಕ್ಕೆ ನಾಲ್ಕು ಗಂಟೆಯಾದರೂ ತೆರೆದಿರಬೇಕು. ನಿಮ್ಮೂರಿಗೆ ಇಂಥದ್ದು ಬೇಕೆಂದರೆ ಗ್ರಾಮಸಭೆಯಲ್ಲಿ ಕೇಳಿ, ನಾಲ್ಕು ಜನ ಕೂಡಿ ಅರ್ಜಿ ಕೊಡಿ.

ನವರಾತ್ರಿಯಲ್ಲಿ ಮೂಕಾಂಬಿಕೆಯ ದರ್ಶನಕ್ಕೆ ಬರುವ ಜನಜಂಗುಳಿಯಲ್ಲಿ ಮಿಷನ್ ಬರಿದಾದರೆ ಸುಮ್ಮನಿರಬೇಕೇ? ಅದಕ್ಕೂ ನಿಯಮ ಬಂದಿದೆ. ತಿಂಗಳಲ್ಲಿ ಒಟ್ಟು ಹತ್ತು ಗಂಟೆಗಿಂತ ಹೆಚ್ಚು ಹೊತ್ತು ನೋಟಿಲ್ಲದಿದ್ದರೆ ಬ್ಯಾಂಕಿಗೆ 10,000 ರೂಪಾಯಿ ದಂಡವೆಂದು 2021ರ ಅಕ್ಟೋಬರಿನಿಂದ ಜಾರಿಯಾಯಿತು.

ಇಷ್ಟು ನೆನಪಿಡಿ:

* ನೋಟು ಬಾರದಿದ್ದರೂ ಚೀಟಿ ಬಂದರೆ ಎಸೆಯಬೇಡಿ. ಚೀಟಿಯೂ ಬಾರದಿದ್ದರೆ ದಿನ, ಹೊತ್ತು, ಮಿಷನ್ ಇದ್ದ ಜಾಗ ಬರೆದಿಡಿ.

* ದೂರು ಕೊಟ್ಟ ಮೇಲೆ ಅದರ ನಂಬರು ಕೇಳಿ ಪಡೆಯಿರಿ. ಮೂವತ್ತು ದಿನದೊಳಗೆ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರಬಹುದು, ಖರ್ಚಿಲ್ಲ. ಮಾಹಿತಿಗೆ 14448ಕ್ಕೆ ಫೋನ್ ಮಾಡಿ.

* ಗುಟ್ಟಿನ ಸಂಖ್ಯೆಯನ್ನು ಸಾಲಿನಲ್ಲಿ ನಿಂತ ಯಾವ ಒಳ್ಳೆಯ ಹುಡುಗನಿಗೂ ಹೇಳಬೇಡಿ. ಕಾರ್ಡಿನ ಮೇಲಂತೂ ಬರೆಯಲೇಬೇಡಿ.

ಅಂದಹಾಗೆ, ಆ 600 ರೂಪಾಯಿಯಲ್ಲಿ ಅವಳು ಮಗಳಿಗೆ ಕೊಡೆ, ಚಪ್ಪಲಿ ತೆಗೆದುಕೊಂಡಳಂತೆ. ನಡೆದದ್ದನ್ನೆಲ್ಲ ಗಂಡನಿಗೂ ಹೇಳಿದಳಂತೆ, ಈ ಸಲ ಹೆದರದೆ.